ಸರ್ಕೀಟು ಗಾಡಿ ಬರುವ ತನಕ

ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಇಡೀ ಬದುಕಿನಲ್ಲಿ ಒಂದೇ ಒಂದು ಸಲ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈಗ ಯಾರ ಆಯುಸ್ಸೂ ಕಡಿಮೆಯಾಗುವುದಿಲ್ಲ ಎಂದು ಗೊತ್ತಿದೆ, ಆದರೂ ಕೈ ಬರುವುದಿಲ್ಲ. ಮದುವೆಗೆ ಮುಂಚೆ ಅವ್ವ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟ ನಾಲ್ಕೈದು ಮಾತುಗಳಲ್ಲಿ ಇದು ಮೊದಲನೆಯದು. ಗಂಡನ ಹೆಸರು ಹೇಳಿದ ಒಂದೊಂದು ಸಲಕ್ಕೂ ಅವನ ಆಯುಸ್ಸಿನಲ್ಲಿ ಒಂದೊಂದು ದಿನ ಕಡಿಮೆ, ಅಷ್ಟೇ. ಅದರ ಮೇಲೆ ವಿವರಣೆ ಇರಲಿಲ್ಲ, ನಾನು ಕೇಳಲೂ ಇಲ್ಲ.

ನನಗೆ ಇನ್ನೊಂದು ತೊಡಕಿತ್ತು. ನಾನು ಸೇರಿದ ಊರಿನ ಹೆಸರೂ ಇವರ ಹೆಸರೂ ಒಂದೇ ದೇವರಿಂದ ಬಂದವು. ಕಪಿಲೆಯ ದಡದ ಆ ಊರಿನ ಯಾವ ಬೀದಿಯಲ್ಲಿ ನಿಂತು ಆ ಹೆಸರು ಕೂಗಿದರೂ ನಾಲ್ಕು ಜನ ಗಂಡಸರು ತಿರುಗಿ ನೋಡುತ್ತಿದ್ದರು. ಊರ ಹೆಸರು ಹೇಳಲು ಬಾಯಿ ತೆರೆದರೆ ಇವರ ಅರ್ಧ ಹೆಸರು ಹೊರಗೆ ಬಂದಹಾಗೆಯೇ. ಹಾಗಾಗಿ ಊರಿನ ಹೆಸರನ್ನೂ ಬಿಟ್ಟೆ. 'ನಮ್ಮೂರು' ಎನ್ನುತ್ತಿದ್ದೆ. ಯಾರಾದರೂ 'ಯಾವೂರಮ್ಮ ನಿಮ್ಮದು' ಎಂದು ಕೇಳಿದರೆ 'ದೊಡ್ಡ ಗುಡಿ ಇದೆಯಲ್ಲ, ಆ ಊರು' ಎಂದರೆ ಸಾಕಾಗುತ್ತಿತ್ತು. ಸುತ್ತಮುತ್ತಲಿನವರಿಗೆ ಅದು ಅರ್ಥವಾಗುತ್ತಿತ್ತು. ಅರ್ಥವಾಗದವನು ಒಬ್ಬನೇ ಒಬ್ಬ ಸಿಕ್ಕಿದ, ಅವನೂ ಸಿಗಬಾರದ ದಿನ ಸಿಕ್ಕಿದ.

ಇವರು ನಾಲೆ ಓವರ್‌ಸೀಯರ್. ನಾಲೆಯ ಏರಿ, ತೂಬು, ಮೋರಿ ನೋಡಿಕೊಂಡು ತಿಂಗಳಲ್ಲಿ ಇಪ್ಪತ್ತು ದಿನ ಸರ್ಕೀಟು ಹೋಗಬೇಕಾಗಿತ್ತು. ಆಗ ಸರ್ಕಾರದ ಕೆಲಸದ ಮೇಲೆ ಊರೂರು ಸುತ್ತುವುದಕ್ಕೆ ಸರ್ಕೀಟು ಎಂದೇ ಹೇಳುತ್ತಿದ್ದೆವು. ಒಂದು ತಟ್ಟುಕುದುರೆ ಇತ್ತು, ಅದು ಮುದಿಯಾಗಿ ಸತ್ತಿತು. ಆಮೇಲೆ ಎತ್ತಿನ ಗಾಡಿಯಲ್ಲೇ ಹೋಗಿಬರುತ್ತಿದ್ದರು, ಬಂದವರು ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಮಲಗುತ್ತಿದ್ದರು. ಜರ್ಮನ್ ಯುದ್ಧ ಮುಗಿದು ಮೊದಲ ಯುಗಾದಿ ಬಂದಾಗ ಬೆಂಗಳೂರು ದಂಡಿನ ಯಾರೋ ಏಜೆಂಟರಿಂದ ಒಂದು ಕ್ಯಾಟಲಾಗು ತರಿಸಿದರು. ಅದರಲ್ಲಿ ಒಂದು ಮೋಟಾರ್ ಸೈಕಲ್ಲಿನ ಚಿತ್ರ. ಪಕ್ಕದಲ್ಲಿ ಒಬ್ಬರು ಕೂರುವಂಥ ಬುಟ್ಟಿ, ಬುಟ್ಟಿಗೆ ಅದರದೇ ಒಂದು ಚಕ್ರ. ಕೆಳಗೆ ಇಂಗ್ಲಿಷಿನಲ್ಲಿ ಟೂರಿಂಗ್ ಮಾಡೆಲ್ ಎಂದಿತ್ತು.

"ಟೂರಿಂಗ್ ಅಂದ್ರೆ ಸರ್ಕೀಟು ಕಣೆ. ಸರ್ಕೀಟು ಗಾಡಿ! ನನಗೋಸ್ಕರಾನೇ ಮಾಡಿದ್ದಾರೆ ನೋಡು" ಎಂದರು.

ನಮ್ಮತ್ತೆ ಕನ್ನಡಕ ಏರಿಸಿಕೊಂಡು ಚಿತ್ರ ನೋಡಿದರು. "ಇದೇನ್ಲಾ, ಪಕ್ಕಕ್ಕೆ ತೊಟ್ಲು ಕಟ್ಟವ್ರೆ?" ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಸರ್ಕೀಟು ಗಾಡಿ, ಪಕ್ಕದ್ದು ತೊಟ್ಟಿಲು. ಗಾಡಿ ಇನ್ನೂ ವಿಲಾಯತಿಯ ಯಾವ ಕಾರ್ಖಾನೆಯಲ್ಲಿ ಕಬ್ಬಿಣವಾಗಿ ಬಿದ್ದಿತ್ತೋ, ಇಲ್ಲಿ ಅದಕ್ಕೆ ನಾಮಕರಣವೇ ಆಗಿಹೋಗಿತ್ತು.

ಅದೇ ಹೊತ್ತಿಗೆ ತಿರುಮಕೂಡಲು ನರಸೀಪುರದಿಂದ ನಮ್ಮಣ್ಣ ಬಂದ. ನನ್ನ ತವರು ಅಲ್ಲಿ. ಅಪ್ಪ ಹೋದ ಮೇಲೆ ಅವ್ವ ಅಣ್ಣನ ಜೊತೆಗೇ ಇದ್ದಳು. ಹಿಂದಿನ ವರ್ಷ ಇನ್‌ಫ್ಲುಯೆಂಜಾ ಜ್ವರ ಊರೂರನ್ನೇ ಮಲಗಿಸಿದ್ದ ಕಾಲದಲ್ಲಿ ನನಗೆ ಹೆಣ್ಣುಮಗು ಹುಟ್ಟಿತ್ತು. ಬಾಣಂತನಕ್ಕೆ ತವರಿಗೆ ಹೋಗಲು ಯಾರೂ ಬಿಡಲಿಲ್ಲ, ಅಲ್ಲಿಂದ ಬರಲೂ ಯಾರಿಗೂ ಆಗಲಿಲ್ಲ. ಅವ್ವ ಆ ಮೊಮ್ಮಗಳನ್ನು ನೋಡಿರಲೇ ಇಲ್ಲ.

ಅಣ್ಣ ನಾನು ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದ: "ಅವ್ವನ ಕಣ್ಣು ಮಂಜಾಗ್ತಾ ಅದೆ ಕಣವ್ವ. ಮೈಸೂರ್‌ಗೆ ಕರ್ಕೊಂಡೋಗಿ ತೋರುಸ್ದೆ. ಪೊರೆ ಆಗಿದ್ರೆ ತೆಗೀಬೋದಾಗಿತ್ತಂತೆ. ಇದು ಪೊರೆ ಅಲ್ವಂತೆ, ಒಳಗ್ಲ ನರ ಒಣಗ್ತಾ ಅದಂತೆ. ವರ್ಷನೋ ಒಂದೂವರೆ ವರ್ಷನೋ ಅಂದ್ರು. ಕಣ್ಣಿರೋವಾಗ ಮಗೀನ ಮೊಖ ಒಂದ್ಸಲ ನೋಡ್ಬೇಕು ಅಂತಾಳೆ. ಬಂದೋಗವ್ವ."

ನಮ್ಮೂರಿನಿಂದ ನರಸೀಪುರಕ್ಕೆ ಬೆಳಿಗ್ಗೆ ಬೇಗ ಗಾಡಿ ಕಟ್ಟಿದರೆ ಹೊತ್ತು ಮುಳುಗುವಷ್ಟರಲ್ಲಿ ತಲುಪಬಹುದು. ಅಷ್ಟೇ ದೂರ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವವರು ಅದು ಕಾಶಿಯೋ ರಾಮೇಶ್ವರವೋ ಎಂದುಕೊಳ್ಳಬಾರದು. ಒಂದು ದಿನದ ದಾರಿ. ಆ ಒಂದು ದಿನದ ದಾರಿಗೆ ನಾವು ಹದಿನೆಂಟು ತಿಂಗಳು ಕಾದೆವು.

ಇವರು ಅಣ್ಣನ ಎದುರಿಗೇ ಹೇಳಿದರು. "ಗಾಡೀಲಿ ಯಾಕೆ ಕುಲುಕಿಸ್ಕೊಂಡು ಹೋಗೋದು? ಎರಡೇ ತಿಂಗಳು, ಮೋಟಾರ್ ಸೈಕಲ್ ಬಂದ್ಬಿಡ್ತದೆ. ತಾಯಿ ಮಗು ಇಬ್ಬರನ್ನೂ ತೊಟ್ಲಲ್ಲಿ ಕೂರಿಸ್ಕೊಂಡು ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಅಲ್ಲಿರ್ತೀನಿ." ಅಣ್ಣನಿಗೆ ಸಂತೋಷವಾಯಿತು. ನನಗೆ ಎಷ್ಟಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ತವರಿನ ಬೀದಿಯಲ್ಲಿ ಮೋಟಾರಿನಿಂದ ಇಳಿಯುವ ಮೊದಲ ಹೆಣ್ಣು ನಾನು ಎಂದು ಅವತ್ತು ರಾತ್ರಿಯೆಲ್ಲ ಅದೇ ಯೋಚನೆ. ಯಾವ ಸೀರೆ ಉಡುವುದು ಎಂದು ಕೂಡ ಗೊತ್ತುಮಾಡಿಕೊಂಡೆ.

ಎರಡು ತಿಂಗಳು ಆಯಿತು. ಗಾಡಿಗೆ ಜಾಗ ಬೇಕೆಂದು ಕೊಟ್ಟಿಗೆ ಖಾಲಿ ಮಾಡಿಸಿ ನೆಲಕ್ಕೆ ಗಾರೆ ಹಾಕಿಸಿದರು. ಎತ್ತು, ಗಾಡಿ ಎರಡನ್ನೂ ಕಳಲೆಯಲ್ಲಿದ್ದ ಮೈದುನನ ಮನೆಗೆ ಹೊಡೆಸಿದರು. ಆಗ ಏಜೆಂಟರ ಮೊದಲ ಕಾಗದ ಬಂತು. ಇವರು ಜಗಲಿಯ ಮೇಲೆ ನಿಂತು ಇಂಗ್ಲಿಷಿನಲ್ಲಿ ಓದಿ, ನಮಗೆ ಕನ್ನಡದಲ್ಲಿ ಹೇಳಿದರು. ಯುದ್ಧ ಮುಗಿದು ಸಿಪಾಯಿಗಳೆಲ್ಲ ಮನೆಗೆ ಬಂದು ಎಲ್ಲರೂ ಮೋಟಾರ್ ಸೈಕಲ್ಲೇ ಬೇಕೆನ್ನುತ್ತಿದ್ದಾರಂತೆ, ಕಾರ್ಖಾನೆಯ ಮುಂದೆ ಸಾಲು ನಿಂತಿದೆಯಂತೆ, ವಿ ರಿಗ್ರೆಟ್, ಎಂದರೆ ವಿಷಾದಿಸುತ್ತೇವೆ. ಅದಾದ ಮೇಲೆ ಮಳೆಗಾಲದಲ್ಲಿ ಇನ್ನೊಂದು. ಅಲ್ಲಿ ಕಬ್ಬಿಣದ ಅಚ್ಚು ಎರೆಯುವವರು ಕೆಲಸ ನಿಲ್ಲಿಸಿದ್ದಾರಂತೆ, ವಿ ರಿಗ್ರೆಟ್. ದಸರಾ ಕಳೆದ ಮೇಲೆ ಮತ್ತೊಂದು. ಮೋಟಾರ್ ಸೈಕಲ್ಲು ಸಿದ್ಧವಿದೆಯಂತೆ, ತೊಟ್ಟಿಲಿನದು ಆಗಿಲ್ಲವಂತೆ, ಎರಡನ್ನೂ ಒಟ್ಟಿಗೇ ಹಡಗಿಗೆ ಹಾಕುತ್ತಾರಂತೆ.

"ಯಾರ್ಲಾ ಅವ್ನು ರಿಗ್ರೆಟ್ಟು? ಪ್ರತಿ ಕಾಗ್ದದಲ್ಲೂ ಅವನೇ ಬತ್ತಾನಲ್ಲ" ಎಂದರು ಅತ್ತೆ.

ನಾನು ನಕ್ಕೆ. ಇವರು ನಗಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ಖಾಲಿ ಕೊಟ್ಟಿಗೆಗೆ ಹೋಗಿ ಸುಮ್ಮನೆ ನಿಂತು ಬಂದರು. ಗಾರೆ ನೆಲವನ್ನು ಭಾನುವಾರ ಭಾನುವಾರ ಅವರೇ ಗುಡಿಸುತ್ತಿದ್ದರು. ಆ ಮನುಷ್ಯನನ್ನು ಬೈಯಲು ಮನಸ್ಸು ಬರುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಇವರು ನಿಂತಲ್ಲೇ ಬಿಚ್ಚಿದರು. ಒಳಗೆ ಹಿತ್ತಾಳೆಯ ಒಂದು ಹಾರ್ನು, ರಬ್ಬರಿನ ಉಂಡೆ ಹಿಸುಕಿದರೆ ಕೂಗುವಂಥದ್ದು. ತಡವಾದದ್ದಕ್ಕೆ ಬೇಸರಿಸಬಾರದೆಂದು ಏಜೆಂಟರು ತಮ್ಮ ಕಡೆಯಿಂದ ಕಳಿಸಿದ್ದರಂತೆ. ಗಾಡಿ ಇಲ್ಲದ ಮನೆಗೆ ಹಾರ್ನು ಬಂದಿತ್ತು. ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆವು. ಬೇಸಿಗೆಯಲ್ಲಿ ಅಂಗಳದಲ್ಲಿ ಸಂಡಿಗೆ ಒಣಹಾಕಿದಾಗ ಅತ್ತೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದರು. ಕಾಗೆ ಇಳಿದರೆ ಪೋಂ ಎನ್ನಿಸುವುದು. ಆ ವರ್ಷ ನಮ್ಮ ಬೀದಿಯಲ್ಲಿ ಕಾಗೆ ಮುಟ್ಟದ ಸಂಡಿಗೆ ನಮ್ಮದೊಂದೇ.

ಈ ಮಧ್ಯೆ ನಾನು ಒಂದು ಸಲ ಹೊರಟಿದ್ದೆ. ಅದನ್ನೂ ಹೇಳಬೇಕು. ಎರಡನೆಯ ಯುಗಾದಿಗೆ ಮುಂಚೆ ಅಣ್ಣ ತನ್ನ ಗಾಡಿಯನ್ನೇ ಹೊಡೆದುಕೊಂಡು ಬಂದ. ಈಗ ಅವ್ವ ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುತ್ತಾಳೆ, ಬೆಳಕಿಗೆ ಹಿಡಿದರೆ ಮಾತ್ರ ಮುಖ ಕಾಣುತ್ತದೆ ಎಂದ. ನಾನು ಗಂಟು ಕಟ್ಟಿದೆ. ಮಗುವನ್ನು ಎತ್ತಿಕೊಂಡು ಗಾಡಿ ಹತ್ತಿ ಕೂತೂ ಆಗಿತ್ತು. ಆಗ ಇವರು ಅಂಚೆ ಕಚೇರಿಯ ಕಡೆಯಿಂದ ಕಾಗದ ಹಿಡಿದುಕೊಂಡು ಓಡುತ್ತ ಬಂದರು.

"ಬಂತು! ಮದರಾಸಿಗೆ ಹಡಗು ಬಂತಂತೆ! ಇಳಿಸಿ ರೈಲಿಗೆ ಹಾಕೋದೊಂದೇ ಬಾಕಿ. ಹದಿನೈದು ದಿನ. ಇಷ್ಟು ದಿನ ಕಾದಿದ್ದೀಯ, ಹದಿನೈದು ದಿನ ತಡಕೊಳ್ಳೋಕಾಗಲ್ವ?"

ಅವರ ಮುಖದಲ್ಲಿ ಅಷ್ಟು ಬೆಳಕು ನೋಡಿ ವರ್ಷವಾಗಿತ್ತು. ಅಣ್ಣ ನನ್ನ ಮುಖ ನೋಡಿದ. ಇಳಿ ಎಂದು ಯಾರೂ ಬಲವಂತ ಮಾಡಲಿಲ್ಲ. ನಾನೇ ಇಳಿದೆ. ಗಂಡನ ಮಾತು ಮೀರಬಾರದೆಂದು ಇಳಿದೆ ಎಂದು ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ತೊಟ್ಟಿಲಿನಿಂದ ಇಳಿಯುವ ಆಸೆ ಇನ್ನೂ ಹೋಗಿರಲಿಲ್ಲ. ಅಣ್ಣ ಖಾಲಿ ಗಾಡಿ ಹೊಡೆದುಕೊಂಡು ಹೋದ. ಎತ್ತಿನ ಗೆಜ್ಜೆ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು, ನಾನು ಒಳಗೆ ಹೋಗಿ ಸಾರಿಗೆ ಬೇಳೆ ಇಟ್ಟೆ.

ಹದಿನೈದು ದಿನ ಹೋಗಿ ಎರಡು ತಿಂಗಳಾಯಿತು. ಮದರಾಸಿನ ಬಂದರಿನಲ್ಲಿ ಸುಂಕದ ಕಾಗದ ಸರಿಯಿಲ್ಲವಂತೆ. ಸರಿಯಾದ ಮೇಲೆ ತೊಟ್ಟಿಲಿನ ಪೆಟ್ಟಿಗೆ ಯಾವುದೋ ಗೋಡೌನಿನಲ್ಲಿ ಬೇರೆ ಸಾಮಾನಿನ ಅಡಿಯಲ್ಲಿ ಸಿಕ್ಕಿಬಿದ್ದಿದೆಯಂತೆ. ಕಾಗದ ಬಂದರೆ ಈಗ ಇವರು ಜಗಲಿಯ ಮೇಲೆ ನಿಂತು ಓದುತ್ತಿರಲಿಲ್ಲ. ಒಳಗೆ ಕೂತು ತಮ್ಮಷ್ಟಕ್ಕೆ ಓದಿಕೊಂಡು, "ಬರ್ತದೆ ಕಣೆ" ಎಂದು ಮಾತ್ರ ಹೇಳುತ್ತಿದ್ದರು. ಯಾವಾಗ ಎಂದು ನಾನೂ ಕೇಳುವುದನ್ನು ಬಿಟ್ಟೆ. ಕಾದೂ ಕಾದೂ ಮೈಯೆಲ್ಲ ಸೋತುಹೋಗಿತ್ತು. ಜ್ವರ ಬಿಟ್ಟ ಮೇಲೆ ಬರುವ ಸುಸ್ತು ಇರುತ್ತದಲ್ಲ, ಹಾಗೆ.

ಆಷಾಢದಲ್ಲಿ ಕಡೆಗೂ ರೈಲ್ವೆ ರಸೀದಿ ಬಂತು. ಎರಡು ಪೆಟ್ಟಿಗೆಯನ್ನೂ ರೈಲಿಗೆ ಹಾಕಿದ್ದಾರೆ, ನಮ್ಮೂರ ಸ್ಟೇಷನ್ನಿನಲ್ಲಿ ಬಿಡಿಸಿಕೊಳ್ಳಬೇಕು. ಅಂಚೆಚೀಲ ಮಳೆಯಲ್ಲಿ ನೆಂದು ರಸೀದಿಯ ಮೇಲೆ ಶಾಯಿ ಹರಡಿಹೋಗಿತ್ತು. ಇವರು ಅದನ್ನು ಒಲೆಯ ಹತ್ತಿರ ಹಿಡಿದು ಒಣಗಿಸಿದರು. ಪೆಟ್ಟಿಗೆ ಬರುವ ಮುಂಚೆಯೇ ಹದಿನಾರು ಎಂಬ ಹಳ್ಳಿಯ ಕಡೆ ನಾಲೆಯ ಏರಿ ಒಡೆದಿದೆ ಎಂದು ಇವರಿಗೆ ಕರೆ ಬಂತು. ಹೊರಡುವಾಗ ರಸೀದಿಯನ್ನು ನನ್ನ ಕೈಗೆ ಕೊಟ್ಟು, "ನಾನು ಬರೋಕೆ ಹತ್ತು ದಿನ ಆಗ್ಬೋದು. ಅಷ್ಟರಲ್ಲಿ ಬಂದ್ರೆ ಅವ್ವನ್ನ ಸ್ಟೇಷನ್ನಿಗೆ ಕಳಿಸು, ಹೆಸರು ಹೇಳಿ ರಸೀದಿ ಕೊಟ್ರೆ ಸಾಕು" ಎಂದರು. ಅವ್ವ ಎಂದರೆ ನಮ್ಮತ್ತೆ. ಮಗನ ಹೆಸರು ಹೇಳಲು ತಾಯಿಗೆ ಯಾವ ಅಡ್ಡಿಯೂ ಇಲ್ಲವಲ್ಲ. ಆದರೆ ಮಾರನೆಯ ದಿನವೇ ಕಳಲೆಯಲ್ಲಿ ಸಣ್ಣ ಸೊಸೆಗೆ ಹೆರಿಗೆ ನೋವು ಬಂತೆಂದು ಮೈದುನ ಬಂದು ಅತ್ತೆಯನ್ನು ಕರೆದುಕೊಂಡು ಹೋದ.

ಮೂರನೆಯ ದಿನ ಸ್ಟೇಷನ್ನಿನ ಜವಾನ ಬಾಗಿಲಿಗೆ ಬಂದ. "ಓವರ್‌ಸೀಯರ್ ಮನೆ ಅಲ್ವಾ? ಪೆಟ್ಗೆ ಬಂದದೆ ಕಣ್ರವ್ವ, ನಿಮ್ದೇ ಇರ್ಬೇಕು. ಬೇಗ ಬಿಡುಸ್ಕೊಳ್ಳಿ, ಹೊಸ ಗುಮಾಸ್ತೆ ಬಂದವ್ರೆ, ನಾಳೆಗೆ ವಾಪಸ್ ಕಳುಸ್ತೀನಿ ಅಂತವ್ರೆ" ಎಂದು ಹೇಳಿ ಹೋದ.

ವಾಪಸ್ಸು ಎಂಬ ಮಾತು ಕೇಳಿ ನನಗೆ ಕಾಲು ನಿಲ್ಲಲಿಲ್ಲ. ಪಕ್ಕದ ಮನೆಯ ಯಾರನ್ನಾದರೂ ಜೊತೆಗೆ ಕರೆದುಕೊಂಡಿದ್ದರೆ ಆಗುತ್ತಿತ್ತು. ಆ ಬುದ್ಧಿ ಆಗ ಬರಲಿಲ್ಲ. ಮಗುವನ್ನು ಕಂಕುಳಿಗೆ ಹಾಕಿಕೊಂಡು, ರಸೀದಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಸೋನೆಯಲ್ಲೇ ಸ್ಟೇಷನ್ನಿಗೆ ನಡೆದೆ.

ಗೂಡ್ಸ್ ಷೆಡ್ಡಿನಲ್ಲಿ ಅದು ಇತ್ತು. ಎರಡು ಮರದ ಪೆಟ್ಟಿಗೆ, ಒಂದು ನಮ್ಮ ಅಡುಗೆಮನೆಯಷ್ಟು ಉದ್ದ. ಹಲಗೆಯ ಸಂದಿನಲ್ಲಿ ಹುಲ್ಲು ಕಾಣುತ್ತಿತ್ತು, ಹುಲ್ಲಿನ ಒಳಗೆ ಕಪ್ಪಗೆ ಏನೋ ಹೊಳೆಯುತ್ತಿತ್ತು. ನಾನು ಹಲಗೆ ಮುಟ್ಟಿ ನೋಡಿದೆ. ಮುಂದಿನ ವಾರವಲ್ಲದಿದ್ದರೆ ಅದರಾಚೆಯ ವಾರ ಅವ್ವನ ಮುಂದೆ ಇರುತ್ತೇನೆ ಎಂದುಕೊಂಡೆ.

ಗುಮಾಸ್ತೆ ಎಳೆಯ ವಯಸ್ಸಿನವರು, ನಮ್ಮ ಸೀಮೆಯವರಲ್ಲ, ಬಂದು ಒಂದು ತಿಂಗಳೂ ಆಗಿರಲಿಲ್ಲವಂತೆ. ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹೆಸರು, ಊರು ಎರಡೂ ಅಳಿಸಿ ಹೋಗಿದೆಯಲ್ಲಮ್ಮ, ಪೆಟ್ಟಿಗೆ ಮೇಲಿನ ಚೀಟಿಯೂ ಮಳೇಲಿ ಹೋಗಿದೆ. ಯಾರ ಹೆಸರಿಗೆ ಬಂದಿದೆ?"

"ನಮ್ಮ ಮನೆಯವರಿಗೆ" ಎಂದೆ.

"ಅವರ ಹೆಸರು?"

"ನಾಲೆ ಓವರ್‌ಸೀಯರು."

"ಅದು ಕೆಲಸ ಅಮ್ಮ. ಹೆಸರು ಬೇಕು, ಪುಸ್ತಕಕ್ಕೆ ಬರೀಬೇಕು."

ನಾನು ತಲೆ ತಗ್ಗಿಸಿದೆ. ನಮ್ಮ ಕಡೆಯವರಾಗಿದ್ದರೆ ಅಷ್ಟಕ್ಕೇ ತಿಳಿದುಕೊಂಡು, ಹೊರಗೆ ಕೂತವರನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಈತನಿಗೆ ನಾನು ಯಾಕೆ ಸುಮ್ಮನಾದೆ ಎಂದೇ ಗೊತ್ತಾಗಲಿಲ್ಲ. ಹಿಂದೆ ಇಬ್ಬರು ಮೆಣಸಿನಕಾಯಿ ಮೂಟೆಯವರು ಅವಸರ ಮಾಡುತ್ತಿದ್ದರು. ಬರೆದು ತೋರಿಸಬಹುದಿತ್ತು, ನನಗೆ ಓದುಬರಹ ಬರುತ್ತಿತ್ತು. ಆದರೆ ಬರೆಯುವುದೂ ಕೈಯಲ್ಲಿ ಹೇಳಿದಂತೆಯೇ ಎಂದು ಅವ್ವ ಹೇಳಿದ್ದಳು. ಮೇಲಾಗಿ ಇವರು ಆಗ ಒಡೆದ ಏರಿಯ ಮೇಲೆ, ತುಂಬಿದ ನಾಲೆಯ ಪಕ್ಕ ನಿಂತಿದ್ದರು. ಅಂಥ ದಿನ ಅವರ ಆಯುಸ್ಸಿನ ಜೊತೆ ಆಟವಾಡಲು ನನಗೆ ಧೈರ್ಯ ಬರಲಿಲ್ಲ. ಹುಚ್ಚು ಎನ್ನಿ. ಅವತ್ತು ಅದು ಹುಚ್ಚೆನ್ನಿಸಲಿಲ್ಲ.

ಗುಮಾಸ್ತೆಗೆ ಬೇಸರವಾಯಿತು. "ಹೋಗಲಿ, ಊರಾದ್ರೂ ಹೇಳಿ. ಇದು ಇಲ್ಲೇ ಇಳೀಬೇಕಾದ್ದೋ, ಬೇರೆ ಕಡೆಗೆ ಹೋಗಬೇಕಾದ್ದು ತಪ್ಪಿ ಬಂದಿದೆಯೋ? ನಂಜನಗೂಡಾ?"

ಬರೀ ಹೂಂ ಎಂದಿದ್ದರೆ ಸಾಕಾಗಿತ್ತು. ಆದರೆ ಅವರು ಆ ಹೆಸರನ್ನು ಅಷ್ಟು ಜೋರಾಗಿ ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತಾಗ, ಗಂಡನ ಹೆಸರನ್ನೇ ಹಿಡಿದು ಕೇಳಿದಂತಾಗಿ ನನ್ನ ತಲೆ ತಾನಾಗಿಯೇ ಅಡ್ಡಡ್ಡ ಆಡಿತು.

"ಹಾಗಾದ್ರೆ ಎಲ್ಲಿಗಮ್ಮ ಹೋಗ್ಬೇಕು ಇದು?"

"ನರಸೀಪುರಕ್ಕೆ" ಎಂದೆ.

ನಾನು ಸುಳ್ಳು ಹೇಳಲಿಲ್ಲ. ಹದಿನಾರು ತಿಂಗಳಿನಿಂದ ನಮ್ಮ ಮನೆಯಲ್ಲಿ ಆ ಗಾಡಿ ಹೋಗಬೇಕಾಗಿದ್ದದ್ದು ಅಲ್ಲಿಗೇ. ಬಾಯಲ್ಲಿ ಸಲೀಸಾಗಿ ಬಂದ ಒಂದೇ ಊರು ಅದು. ಗುಮಾಸ್ತೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಬೆರಳಾಡಿಸಿ, "ನರಸೀಪುರ, ಸರಿ" ಎಂದು ಬರೆದುಕೊಂಡು ಮೊಹರು ಹಾಕಿದರು. "ಇಲ್ಲಿ ನಿಮ್ಮ ರುಜು ಮಾಡಿ. ಒಂದು ವಾರ ಆಗುತ್ತೆ" ಎಂದರು. ನನ್ನ ಹೆಸರು ಬರೆಯಲು ನನಗೇನು? ದುಂಡಗೆ ಬರೆದೆ. ಒಂದು ವಾರ ಷೆಡ್ಡಿನಲ್ಲಿ ಇಟ್ಟುಕೊಂಡಿರುತ್ತಾರೆ, ಅಷ್ಟರಲ್ಲಿ ಇವರು ಬರುತ್ತಾರೆ ಎಂದು ತಿಳಿದುಕೊಂಡೆ. ಹೆಸರು ಹೇಳದೆ ಕೆಲಸ ಮುಗಿಸಿಕೊಂಡು ಬಂದೆನೆಂದು ದಾರಿಯುದ್ದಕ್ಕೂ ಜಂಬ ಬೇರೆ.

ಹತ್ತನೆಯ ದಿನ ಇವರು ಮೊಣಕಾಲ ತನಕ ಕೆಸರಿನಲ್ಲಿ ಬಂದರು. ಪೆಟ್ಟಿಗೆ ಬಂದಿದೆ ಎಂದದ್ದೇ ತಡ, ಕಾಲು ಕೂಡ ತೊಳೆಯದೆ ಸ್ಟೇಷನ್ನಿಗೆ ಹೋದರು. ಹಿಂತಿರುಗುವಾಗ ನಿಧಾನವಾಗಿ ಬಂದರು. ಜಗಲಿಯ ಮೇಲೆ ಕೂತರು.

"ಹೊಳೇನರಸೀಪುರಕ್ಕೆ ಹೋಗಿದೆ" ಎಂದರು.

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ನಮಗೆಲ್ಲ ನರಸೀಪುರ ಎಂದರೆ ಒಂದೇ, ಕಾವೇರಿ ಕಪಿಲೆ ಕೂಡುವ ನಮ್ಮದು. ಹಾಸನದ ಕಡೆ, ಹೇಮಾವತಿಯ ದಡದಲ್ಲಿ ಇನ್ನೊಂದಿದೆ ಎಂಬುದು ನೆನಪಿಗಾದರೂ ಯಾಕೆ ಬರಬೇಕು? ಆದರೆ ರೈಲು ಹೋಗುವುದು ಆ ಇನ್ನೊಂದಕ್ಕೆ. ನಮ್ಮದಕ್ಕೆ ಎರಡು ಹೊಳೆ ಇವೆ, ಸ್ಟೇಷನ್ನಿಲ್ಲ. ರೈಲಿನವರ ಪಟ್ಟಿಯಲ್ಲಿದ್ದ ಒಂದೇ ನರಸೀಪುರಕ್ಕೆ ನಾನು ನನ್ನ ಕೈಯಾರೆ ರುಜು ಹಾಕಿ ಕಳಿಸಿದ್ದೆ.

ಇವರು ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ. ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು, "ಒಂದ್ಸಲ ಹೇಳಿದ್ರೆ ನಾನೇನು ಅಲ್ಲೇ ಬಿದ್ದು ಸಾಯ್ತಿದ್ನೇನೆ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅಳು ಬಂತು. ಅಷ್ಟು ದಿನ ಏಜೆಂಟನನ್ನು ಬೈದಿದ್ದೆ, ಹಡಗನ್ನು ಬೈದಿದ್ದೆ, ಮನಸ್ಸಿನಲ್ಲಿ ಇವರನ್ನೂ ಬೈದಿದ್ದೆ. ಈ ಕೊನೆಯ ತಡ ಮಾತ್ರ ನನ್ನದೇ, ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ಸರ್ಕೀಟು ಗಾಡಿ ಬೇಡ, ಎತ್ತಿನ ಗಾಡಿಯಲ್ಲೇ ಹೋಗುತ್ತೇನೆ ಎಂದೆ. ಈ ಸಲ ಇವರೂ ಹೂಂ ಎಂದರು. ಆದರೆ ಅಷ್ಟರಲ್ಲಿ ಎರಡು ಹೊಳೆಯೂ ಏರಿ ದಾರಿಯ ತಗ್ಗುಗಳಲ್ಲೆಲ್ಲ ನೀರು ನಿಂತು, ಗಾಡಿಯವರು ಯಾರೂ ಆ ಕಡೆ ಹೊಡೆಯಲು ಒಪ್ಪಲಿಲ್ಲ. ನೀರು ಇಳಿದು ದಾರಿ ಗಟ್ಟಿಯಾಗುವುದಕ್ಕೂ ಪೆಟ್ಟಿಗೆ ಮರಳಿ ನಮ್ಮೂರಿಗೆ ಬರುವುದಕ್ಕೂ ಸರಿಹೋಯಿತು. ಆರು ವಾರ ಆಗಿತ್ತು.

ಗಾಡಿ ಚೆನ್ನಾಗಿಯೇ ಇತ್ತು. ಇವರು ಗಾರೆ ನೆಲದ ಮೇಲೆ ಅದನ್ನು ಜೋಡಿಸಿ ಹತ್ತು ದಿನ ಊರಾಚೆ ಓಡಿಸಿ ಕಲಿತರು. ಕಲಿತ ಮೇಲೆ ನಮ್ಮನ್ನು ಕೂರಿಸಿಕೊಂಡು ಹೊರಟರು. ಉಡಬೇಕೆಂದು ಗೊತ್ತುಮಾಡಿಕೊಂಡಿದ್ದ ಸೀರೆ ಉಡಲು ಮನಸ್ಸಾಗಲಿಲ್ಲ. ಮಗುವಿಗೆ ಮಾತ್ರ ಕಡುಕೆಂಪು ಲಂಗ ತೊಡಿಸಿದೆ, ಮಂಜುಗಣ್ಣಿಗೆ ಕೆಂಪಾದರೂ ಕಾಣಲಿ ಎಂದು. ದಾರಿಯುದ್ದಕ್ಕೂ ಎತ್ತುಗಳು ಬೆದರಿ ಹೊಲಕ್ಕೆ ನುಗ್ಗಿದವು, ಜನ ಬೈದರು. ಸುತ್ತೂರಿನ ಹತ್ತಿರ ಟೈರಿನ ಗಾಳಿ ಹೋಯಿತು. ತೇಪೆ ಹಾಕಿ ಹೊರಟರೆ ಇನ್ನೊಂದು ಹೋಯಿತು. ಊಟದ ಹೊತ್ತಿಗೆ ಅಲ್ಲಿರುತ್ತೇವೆ ಎಂದಿದ್ದವರು ಮೂರು ಗಂಟೆಯ ಬಿಸಿಲಿನಲ್ಲಿ ನರಸೀಪುರ ಸೇರಿದೆವು. ಬೀದಿಯ ಜನವೆಲ್ಲ ಹೊರಗೆ ಬಂದು ನಿಂತರು. ತೊಟ್ಟಿಲಿನಿಂದ ನಾನು ಇಳಿದದ್ದನ್ನು ಎಲ್ಲರೂ ನೋಡಿದರು.

ಅವ್ವ ಜಗಲಿಯ ಮೇಲೆ ಕಾಲು ಚಾಚಿಕೊಂಡು, ತಲೆಯ ಮೇಲೆ ಸೆರಗಿಲ್ಲದೆ ಕೂತಿದ್ದಳು. ಮೋಟಾರಿನ ಸದ್ದಿಗೆ ಬೆದರಿ ಗೋಡೆ ಹಿಡಿದುಕೊಂಡಿದ್ದ ಕೈ ಇನ್ನೂ ಗೋಡೆಯ ಮೇಲೇ ಇತ್ತು. ನಾನು ಎದುರಿಗೆ ಹೋಗಿ ನಿಂತೆ. ಅವಳು ನನ್ನ ಪಕ್ಕದ ಕಂಬದ ಕಡೆ ಮುಖ ಮಾಡಿದಳು.

"ಯಾರವ್ವಾ ಅದು?"

ಅತ್ತಿಗೆ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು. "ಹದ್ನೈದು ದಿನ ಆಯ್ತು ಕಣವ್ವ, ಕಿಟಕಿ ಬೆಳಕೂ ಹೋಯ್ತು. ಅದಕ್ಕೆ ಮುಂಚೆ ಇಷ್ಟಿಷ್ಟು ಕಾಣ್ತಿತ್ತು. ಹತ್ರ ಹಿಡಿದ್ರೆ ನಮ್ ಮಕ್ಕಳ ಮೊಖ ಗುರ್ತು ಹಿಡೀತಿದ್ರು."

ಲೆಕ್ಕ ಯಾರೂ ಹಾಕಿಕೊಡಬೇಕಾಗಿರಲಿಲ್ಲ. ಪೆಟ್ಟಿಗೆ ಷೆಡ್ಡಿನಲ್ಲಿದ್ದ ದಿನ ಅವ್ವನಿಗೆ ಕಾಣುತ್ತಿತ್ತು.

ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿದೆ. ಅವ್ವ ಅದರ ತಲೆ ಮುಟ್ಟಿದಳು, ಹಣೆ ಮುಟ್ಟಿದಳು, ಮೂಗಿನ ಮೇಲೆ ಎರಡು ಬೆರಳು ಇಟ್ಟು ಕೆಳಗಿನ ತನಕ ಇಳಿಸಿದಳು. "ನಿನ್ ಮೂಗೇ ಕಣವ್ವ" ಎಂದು ನಕ್ಕಳು. ಲಂಗ ಹಿಡಿದು ಉಜ್ಜಿ ನೋಡಿ, "ಯಾವ್ ಬಣ್ಣ?" ಎಂದಳು. ಕೆಂಪು ಎಂದೆ. "ಚೆಂದಾಗಿರ್ತದೆ" ಎಂದಳು. ಯಾಕೆ ಇಷ್ಟು ತಡ ಮಾಡಿದೆ ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಇವರು ಜಗಲಿಯ ಕೆಳಗೆ, ಅವಳಿಂದ ನಾಲ್ಕು ಮಾರು ದೂರದಲ್ಲಿ ಎಣ್ಣೆ ಮೆತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅಳಿಯ ಬೀದಿ ತಿರುವಿನಲ್ಲಿ ಕಂಡರೆ ಸಾಕು, ಸೆರಗು ಹೊದ್ದು ಒಳಗೆ ಹೋಗಿಬಿಡುತ್ತಿದ್ದವಳು ನಮ್ಮವ್ವ. ಮದುವೆಯಾದಾಗಿನಿಂದ ಅವಳು ಅಳಿಯನ ಎದುರಿಗೆ ನಿಂತದ್ದಿಲ್ಲ. ಈಗ ಬರಿತಲೆಯಲ್ಲಿ ಅಳಿಯನ ಕಡೆಗೇ ಕಾಲು ಚಾಚಿಕೊಂಡು ಕೂತಿದ್ದಾಳೆ. ಇವರು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದಾರೆ. ನನಗೆ ಆ ಸಂಕಟ ತಡೆಯಲಾಗಲಿಲ್ಲ.

"ಅವ್ವ, ಇವ್ರು ಬಂದವ್ರೆ" ಎಂದೆ.

"ಯಾರು?"

"ಇವ್ರು ಕಣವ್ವ. ಇಲ್ಲೇ ನಿಂತವ್ರೆ."

"ಇವ್ರು ಇವ್ರು ಅಂದ್ರೆ ನಂಗೇನ್ ಕಾಣ್ತದ ಮಗ? ನಿಮ್ಮಣ್ಣನಾ? ಮೋಟ್ರು ಓಡ್ಸೋ ಆಳಾ? ಯಾರು ಅಂತ ಹೆಸರಿಡ್ದು ಹೇಳವ್ವ" ಎಂದಳು ಅವ್ವ.

ಆಗ ಹೇಳಿದೆ. ಪೂರ್ತಿ ಹೆಸರು, ಮೊದಲಿನಿಂದ ಕೊನೆಯ ತನಕ. ಇವರು ತಲೆಯೆತ್ತಿ ನನ್ನನ್ನು ನೋಡಿದರು. ಅವ್ವ ಥಟ್ಟನೆ ಕಾಲು ಮಡಚಿದಳು, ಒಂದು ಕೈಯಲ್ಲಿ ಸೆರಗೆಳೆದು ತಲೆ ತುಂಬ ಹೊದ್ದಳು, ಇನ್ನೊಂದು ಕೈಯನ್ನು ಗಾಳಿಯಲ್ಲಿ ತಡವರಿಸಿ ನನ್ನ ಬಾಯಿ ಹುಡುಕಿ ಮುಚ್ಚಿದಳು.

"ಅಯ್ಯೋ, ಏನ್ ಅಂದ್ಬುಟ್ಯೇ" ಎಂದಳು. ಆಮೇಲೆ ಕೈ ತೆಗೆಯದೆಯೇ, ಸಣ್ಣ ದನಿಯಲ್ಲಿ, "ನಿಂತೇ ಅವ್ರಾ? ಕುಂತ್ಕೊಳ್ಳಿ ಅನ್ನವ್ವ" ಎಂದಳು.

ಇವರು ಅದಾದ ಮೇಲೆ ಮೂವತ್ತು ವರ್ಷ ಗಟ್ಟಿಮುಟ್ಟಾಗಿಯೇ ಬದುಕಿದರು. ಆ ಹೆಸರು ಹೇಳಲು ನನಗೆ ಹಿಡಿದದ್ದು ಅರ್ಧ ಉಸಿರು. ಗೂಡ್ಸ್ ಷೆಡ್ಡಿನಲ್ಲೂ ಅಷ್ಟೇ ಹಿಡಿಯುತ್ತಿತ್ತು.